ಬೆಟ್ಟದ ಬೆನ್ನ ಹಿಂದಿನ ಗಾಳಿ

"ಗಾಳಿ ನೋಡೋಕೆ ಏಳು ಗಂಟೆ ಕಾರಲ್ಲಿ ಹೋಗ್ಬೇಕೇನ್ರೀ? ಆಷಾಢದಲ್ಲಿ ನಮ್ಮೂರಲ್ಲಿ ಬಿಟ್ಟಿ ಸಿಗುತ್ತಲ್ಲ!" ಚಿತ್ರಾನ್ನದ ಡಬ್ಬಿಗೆ ಮುಚ್ಚಳ ಒತ್ತುತ್ತಾ ನನ್ನವಳು ಹೇಳಿದ ಈ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ದಿನ ಕಳೆದ ಮೇಲೆ, ಅವಳು ತಮಾಷೆಗೆ ಅಂದದ್ದು ಹವಾಮಾನ ಶಾಸ್ತ್ರದ ಮಾತೇ ಆಗಿತ್ತೆಂದು ಒಪ್ಪಬೇಕಾಯಿತು.

ಮಗ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಮೂರು ತಿಂಗಳಿಗೆಂದು ಬಂದ ನಮಗೆ ದೊಡ್ಡ ಸೇತುವೆ, ದೇವಸ್ಥಾನ, ಕಾಸ್ಟ್‌ಕೋ ಎಲ್ಲವನ್ನೂ ತೋರಿಸಿ ಮುಗಿಸಿದ್ದ. "ಇನ್ನೇನು ನೋಡ್ಬೇಕಪ್ಪಾ?" ಅಂದಾಗ ನಾನು, ಸಿಯೆರಾ ನೆವಾಡ ಪರ್ವತದ ಪೂರ್ವದ ಬುಡದಲ್ಲಿರುವ ಓವೆನ್ಸ್ ಕಣಿವೆ ಅಂದೆ. ಹಿರಿಯೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಆಂದೋಲನದ ಅಧ್ಯಾಯ ಬಂದಾಗಲೆಲ್ಲ ಬೋರ್ಡಿನ ಮೇಲೆ ಲೋಲಕ ಬರೆದು, ಸ್ಪ್ರಿಂಗ್ ಬರೆದು, ಕೊನೆಗೆ ಬೆಟ್ಟ ದಾಟಿದ ಗಾಳಿಯೂ ಹೀಗೇ ತೂಗುತ್ತದೆ ಎಂದು ಒಂದು ಅಲೆ ಎಳೆಯುತ್ತಿದ್ದೆ. ಆ ಅಲೆಯನ್ನು ಕಣ್ಣಾರೆ ಮಾತ್ರ ಕಂಡಿರಲಿಲ್ಲ.

ಮಾರ್ಚ್ ತಿಂಗಳು. ಸಿಯೆರಾ ನೆವಾಡ ಪರ್ವತವನ್ನು ನೇರ ದಾಟುವ ಟಿಯೋಗಾ ಕಣಿವೆದಾರಿ ಹಿಮದಿಂದ ಮುಚ್ಚಿರುತ್ತದೆ. ಹಾಗಾಗಿ ದಕ್ಷಿಣಕ್ಕಿಳಿದು ಬೇಕರ್ಸ್‌ಫೀಲ್ಡ್ ಸುತ್ತಿ, ಟೆಹಾಚಪಿ ಕಣಿವೆಯ ಮೂಲಕ ಮರುಭೂಮಿಗೆ ಇಳಿದೆವು. ಟೆಹಾಚಪಿಯ ಗುಡ್ಡಗಳ ತುಂಬ ಗಾಳಿಯಂತ್ರಗಳು. ಹಿಂದಿನ ಸೀಟಿನಿಂದ ಇವಳು, "ಅಯ್ಯೋ, ಚಿತ್ರದುರ್ಗ ಬಂತು" ಅಂದಳು. ಎರಡೂ ಕಡೆ ಗುಡ್ಡದ ಸಾಲು, ಮೇಲೆ ನಿಧಾನಕ್ಕೆ ತಿರುಗುವ ರೆಕ್ಕೆಗಳು, ನೋಡಿದರೆ ಒಂದೇ ತರಹ. ಬಿಸಿಲೇರಿ ಮೊಹಾವಿ ಮರುಭೂಮಿಯ ಗಾಳಿ ಕಾದು ಮೇಲೆದ್ದರೆ, ಪಶ್ಚಿಮದ ತಂಪು ಗಾಳಿ ಈ ಇಕ್ಕಟ್ಟಿನಲ್ಲಿ ನುಗ್ಗಿ ಬರುತ್ತದೆ. ಕೊಳವೆಯ ಬಾಯಿ ಕಿರಿದಾದರೆ ನೀರು ಚಿಮ್ಮಿದ ಹಾಗೆ.

ಸಂಜೆ ಲೋನ್ ಪೈನ್ ಮುಟ್ಟಿದೆವು. ಊರು ಅಂದರೆ 395ನೇ ಹೆದ್ದಾರಿಯ ಎರಡು ಪಕ್ಕದಲ್ಲಿ ಅಂಗಡಿ, ಮೋಟೆಲು, ಪೆಟ್ರೋಲ್ ಬಂಕು, ಅಷ್ಟೆ. ಆದರೆ ಪಶ್ಚಿಮಕ್ಕೆ ತಲೆ ಎತ್ತಿದರೆ ಮೌಂಟ್ ವಿಟ್ನಿ, 4,421 ಮೀಟರ್. ನಾವು ನಿಂತ ನೆಲ ಸುಮಾರು 1,100 ಮೀಟರ್. ಶಿಖರಕ್ಕೂ ನಮಗೂ ಇಪ್ಪತ್ತು ಕಿಲೋಮೀಟರಿನ ಆಸುಪಾಸು ದೂರ, ಅಷ್ಟೆ. ಅಷ್ಟರೊಳಗೆ ಮೂರು ಸಾವಿರ ಮೀಟರಿಗೂ ಹೆಚ್ಚಿನ ಗೋಡೆ. ಸಿಯೆರಾ ಪಶ್ಚಿಮದ ಕಡೆಯಿಂದ ಸಾವಕಾಶವಾಗಿ ಏರಿ, ಪೂರ್ವಕ್ಕೆ ಧೊಪ್ಪನೆ ಬೀಳುತ್ತದೆ. ನಮ್ಮ ಘಟ್ಟ ಇದಕ್ಕೆ ತಿರುವುಮುರುವು. ಕರಾವಳಿಯ ಕಡೆ ಕಡಿದಾದ ಗೋಡೆ, ಇತ್ತ ಬಯಲುಸೀಮೆಯ ತನಕ ನಿಧಾನದ ಇಳಿಜಾರು. ಉಳಿದದ್ದೆಲ್ಲ ಒಂದೇ: ಪಶ್ಚಿಮಕ್ಕೆ ಸಮುದ್ರ, ನಡುವೆ ಬೆಟ್ಟ, ಪೂರ್ವಕ್ಕೆ ಒಣನೆಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಮಳೆ ನಮ್ಮ ಚಳ್ಳಕೆರೆಗೆ ಬರುವಷ್ಟರಲ್ಲಿ 500ರ ಆಸುಪಾಸಿಗೆ ಇಳಿದಿರುತ್ತದೆ. ಇಲ್ಲಿನ ಬಿಷಪ್ ಊರಿಗೆ ಸಿಗುವುದು 130. ಮಳೆನೆರಳಿನಲ್ಲಿ ಹುಟ್ಟಿದವನು ಇನ್ನೊಂದು ಮಳೆನೆರಳಿಗೆ ಬಂದೆ ಎನ್ನಿಸಿತು; ಜಾಲಿಯ ಬದಲು ಸೇಜ್ ಗಿಡ, ಅಷ್ಟೇ ವ್ಯತ್ಯಾಸ.

ಮರುದಿನ ಬೆಳಗ್ಗೆ ಏಳಕ್ಕೆ ಮಗ ಬಾಗಿಲು ಬಡಿದ. "ಅಪ್ಪಾ, ಹೊರಗೆ ಬಾ."

ಶಿಖರಗಳ ಮೇಲೆ ಬಿಳಿ ದಿಂಬು ಒರಗಿಸಿಟ್ಟಂತೆ ಮೋಡದ ಗೋಡೆ. ಅದರಿಂದ ಇತ್ತ ಒಂದು ಪಟ್ಟಿ ನಿಚ್ಚಳ ನೀಲಿ. ಆಮೇಲೆ ಕಣಿವೆಯ ಮೇಲೆ, ಬಹಳ ಎತ್ತರದಲ್ಲಿ, ಒಂದರ ಮೇಲೊಂದು ಪೇರಿಸಿಟ್ಟ ರೊಟ್ಟಿಯ ಹಾಗೆ ನಾಲ್ಕೈದು ಪದರದ ನುಣುಪಾದ ಮೋಡ. ಅರ್ಧ ಗಂಟೆ ನೋಡಿದೆ, ಜಾಗ ಬಿಟ್ಟು ಕದಲಲಿಲ್ಲ. ಅಲ್ಲಿ ಗಾಳಿ ಇಲ್ಲವೆಂದಲ್ಲ, ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಆ ಮೋಡದೊಳಗೆ ನುಗ್ಗಿ ಹೊರಗೆ ಹೋಗುತ್ತಿರುತ್ತದೆ. ಚಿಕ್ಕವನಿದ್ದಾಗ ಮಾರಿಕಣಿವೆ ನಾಲೆಯಲ್ಲಿ ಈಜುತ್ತಿದ್ದೆವು. ಮುಳುಗಿದ ಬಂಡೆಯೊಂದರ ಹಿಂದೆ ನೀರು ಸದಾ ಒಂದೇ ಕಡೆ ಉಬ್ಬಿಕೊಂಡಿರುತ್ತಿತ್ತು. ಉಬ್ಬು ನಿಂತಲ್ಲೇ, ನೀರು ಓಡುತ್ತಲೇ. ಇದೂ ಅದೇ. ಬೆಟ್ಟ ಮೇಲಕ್ಕೆ ತಳ್ಳಿದ ಗಾಳಿ ಸುತ್ತಲಿನ ಗಾಳಿಗಿಂತ ತಣ್ಣಗಾಗಿ ಭಾರವಾಗುತ್ತದೆ, ಕೆಳಗೆ ಬೀಳುತ್ತದೆ. ಬಿದ್ದ ರಭಸಕ್ಕೆ ತನ್ನ ಮಟ್ಟಕ್ಕಿಂತಲೂ ಕೆಳಗಿಳಿದು ಮತ್ತೆ ಏಳುತ್ತದೆ. ಒಂದು ತೂಗಿಗೆ ಹತ್ತು ನಿಮಿಷ ಅಂತಿಟ್ಟುಕೊಂಡರೆ, ಆ ವೇಗದಲ್ಲಿ ಒಂದು ಅಲೆಯ ಉದ್ದ ಹದಿನೈದು ಕಿಲೋಮೀಟರಿಗೂ ಮೇಲೆ. ಏರುವ ಕಡೆ ತೇವ ಹನಿಗಟ್ಟಿ ಮೋಡ, ಇಳಿಯುವ ಕಡೆ ಕರಗಿ ಖಾಲಿ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ಯಾರೋ ಆಕಾಶದಲ್ಲಿ ಬರೆದಿದ್ದರು. ಕಣ್ಣು ಒದ್ದೆಯಾಯಿತು. ಚಳಿಗೆ ಅಂದೆ.

ಹತ್ತು ಗಂಟೆಯ ಹೊತ್ತಿಗೆ ಅಲೆ ನೆಲಕ್ಕೂ ಇಳಿಯಿತು. ಇಂಡಿಪೆಂಡೆನ್ಸ್ ಎಂಬ ಊರಿನ ಹತ್ತಿರ ಕಾರು ನಿಲ್ಲಿಸಿ ಬಾಗಿಲು ತೆಗೆದದ್ದೇ ತಡ, ಗಾಳಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಬಡಿಯಿತು. ಟೋಪಿ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಮುಂದೆ ಪೆಟ್ರೋಲ್ ಬಂಕಿನಲ್ಲಿ ಕಂಡದ್ದು ಇಡೀ ಪ್ರವಾಸದ ಅಸಲು. ಅಲ್ಲಿ ದೊಡ್ಡದೊಂದು ಬಾವುಟವಿತ್ತು. ಮೇಲೆ ಚಿಂದಿ ಮೋಡಗಳು ಪೂರ್ವಕ್ಕೆ ಓಡುತ್ತಿವೆ, ಬಾವುಟ ಮಾತ್ರ ಪಶ್ಚಿಮಕ್ಕೆ, ಬೆಟ್ಟದ ಕಡೆಗೆ ಹಾರುತ್ತಿದೆ! ಐದು ನಿಮಿಷಕ್ಕೆ ಅದು ಸುಮ್ಮನೆ ಜೋತುಬಿತ್ತು, ಮತ್ತೆ ಪಟಪಟನೆ ಪೂರ್ವಕ್ಕೆ ತಿರುಗಿತು. ಅಲೆಯ ಉಬ್ಬಿನ ಕೆಳಗೆ ಗಾಳಿ ಅಡ್ಡ ಉರುಳೆಯ ಹಾಗೆ ಸುತ್ತುತ್ತಿರುತ್ತದೆ, ಇಂಗ್ಲಿಷಿನಲ್ಲಿ ರೋಟರ್ ಎನ್ನುತ್ತಾರೆ. ಅದರ ನೆಲದ ಬದಿ ಬೆಟ್ಟಕ್ಕೆ ಎದುರಾಗಿ ಬೀಸುತ್ತದೆ. ನಾವು ನಿಂತಿದ್ದು ಆ ಉರುಳೆಯ ಕೆಳಗೆ.

ಈ ಉರುಳೆಗೆ ವಿಮಾನದವರು ಹೆದರುತ್ತಾರೆ. 1966ರಲ್ಲಿ ಜಪಾನಿನ ಫ್ಯೂಜಿ ಪರ್ವತದ ಬೆನ್ನ ಹಿಂದಿನ ಅಲೆಗಾಳಿಗೆ ಸಿಕ್ಕ ಪ್ರಯಾಣಿಕ ವಿಮಾನವೊಂದು ಆಕಾಶದಲ್ಲೇ ಮುರಿದು 124 ಜನ ಸತ್ತರು. ಆದರೆ ಅದಕ್ಕೂ ಮೊದಲೇ ಈ ಕಣಿವೆಗೆ ಬೇಕೆಂದೇ ಹುಡುಕಿಕೊಂಡು ಬಂದ ಕೆಲವರಿದ್ದರು. ಅವರಲ್ಲೊಬ್ಬರು ಯೋಆಕಿಮ್ ಕ್ಯುಟ್ನರ್. 1930ರ ದಶಕದಲ್ಲಿ ಜರ್ಮನಿಯಲ್ಲಿ ಗ್ಲೈಡರ್ ಹಾರಿಸುತ್ತಾ ಬೆಟ್ಟದಲೆಗಳ ಬೆನ್ನು ಹತ್ತಿದ್ದ ಇವರು, 1951-52ರಲ್ಲಿ ಬಿಷಪ್ ವಿಮಾನ ನಿಲ್ದಾಣದಿಂದ ನಡೆದ ಸಿಯೆರಾ ಅಲೆಯ ಸಂಶೋಧನೆಯಲ್ಲಿದ್ದರು. 1952ರ ಮಾರ್ಚ್ 19ರಂದು ಆ ತಂಡದ ಲ್ಯಾರಿ ಎಡ್ಗರ್ ಮತ್ತು ಹೆರಾಲ್ಡ್ ಕ್ಲೀಫೋರ್ತ್ ಎಂಜಿನ್ನೇ ಇಲ್ಲದ ಗ್ಲೈಡರಿನಲ್ಲಿ, ಅಲೆಯ ಏರುಬೆನ್ನು ಹತ್ತಿ 44,255 ಅಡಿ ಮೇಲೇರಿದರು. ಬೆಂಗಳೂರಿನಿಂದ ಬರುವಾಗ ನಮ್ಮ ವಿಮಾನದ ಪರದೆ ತೋರಿಸುತ್ತಿದ್ದುದು 38,000. ಮೂರು ವರ್ಷದ ನಂತರ ಇದೇ ಎಡ್ಗರ್ ಹಾರಿಸುತ್ತಿದ್ದ ಗ್ಲೈಡರ್ ರೋಟರಿಗೆ ಸಿಕ್ಕು ಚೂರುಚೂರಾಯಿತು. ಪ್ಯಾರಾಚೂಟ್ ಅವರನ್ನು ಉಳಿಸಿತು. "ದೂರದ ಬೆಟ್ಟ ನುಣ್ಣಗೆ" ಎಂದವರು ಬೆಟ್ಟದ ಹಿಂದಿನ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಾರರು.

2006ರ ಮಾರ್ಚ್, ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಇಲ್ಲಿಗೆ ಮತ್ತೆ ಬಂದರು. ಮುಂದಾಳು ವಾಂಡಾ ಗ್ರುಬಿಶಿಚ್. ಇಂಡಿಪೆಂಡೆನ್ಸ್ ಸುತ್ತ ನೆಲದಲ್ಲಿ ರೇಡಾರು, ಲೇಸರ್ ಬೆಳಕಿನಿಂದ ಗಾಳಿ ಅಳೆಯುವ ಲಿಡಾರು. ಮೇಲೆ ಮೂರು ವಿಮಾನ. ತಂಡದಲ್ಲಿ ಕ್ಯುಟ್ನರ್ ಕೂಡ ಇದ್ದರು, ವಯಸ್ಸು 96! ಇದೇ ಕಾಲಕ್ಕೆ ಜೇಮ್ಸ್ ಡಾಯ್ಲ್ ಮತ್ತು ಡೇಲ್ ಡುರಾನ್ ಎಂಬ ಹವಾಮಾನ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಕೂಲಂಕಷವಾಗಿ ಲೆಕ್ಕ ಹಾಕಿ ನೋಡಿದಾಗ ರೋಟರ್ ಒಂದೇ ಸಮನಾದ ಉರುಳೆಯಾಗಿರಲಿಲ್ಲ. ಇಳಿಜಾರಿಗೆ ಉಜ್ಜಿಕೊಂಡು ಬಂದ ಗಾಳಿಯ ಪದರ ನೆಲ ಬಿಟ್ಟು ಮೇಲೇಳುವಾಗ ಹರಿದು ಸಣ್ಣಸಣ್ಣ ಸುಳಿಗಳಾಗುತ್ತದೆ, ವಿಪರೀತ ಕುಲುಕುವುದು ಆ ಮರಿಸುಳಿಗಳೇ. ಬಂಕಿನ ಬಾವುಟ ಐದೈದು ನಿಮಿಷಕ್ಕೆ ಮನಸ್ಸು ಬದಲಿಸುತ್ತಿದ್ದುದು ಅದಕ್ಕೇ ಇರಬೇಕೆಂದು ನನಗನ್ನಿಸಿತು.

ಇನ್ನು ಆಷಾಢದ ವಿಷಯ. ರಾತ್ರಿ ಮೋಟೆಲಿನಲ್ಲಿ ಫೋನು ಹಿಡಿದು ಓದುತ್ತಿದ್ದಾಗ ಗೊತ್ತಾಯಿತು, ಇದೇ ಕ್ಯುಟ್ನರ್ 1979ರ ಮುಂಗಾರಿನ ದೊಡ್ಡ ಸಂಶೋಧನೆ ಮೋನೆಕ್ಸ್ ಅನ್ನು ನಡೆಸಿದ ಹಿರಿಯರಲ್ಲೂ ಒಬ್ಬರು. ಆಗ ಅರಬ್ಬೀ ಸಮುದ್ರದ ಮೇಲೆ ಹಾರಿದ ವಿಮಾನಗಳ ಅಳತೆಗಳನ್ನು ಇಟ್ಟುಕೊಂಡು ರಾಬರ್ಟ್ ಗ್ರಾಸ್‌ಮನ್ ಮತ್ತು ಡುರಾನ್ (ಹೌದು, ಅದೇ ಡುರಾನ್) 1984ರಲ್ಲಿ ಬರೆದದ್ದೇನೆಂದರೆ: ನಮ್ಮ ಘಟ್ಟಗಳು ಗಾಳಿಯನ್ನು ಬುಡದಲ್ಲಿ ಮಾತ್ರ ಎತ್ತುವುದಿಲ್ಲ, ಇನ್ನೂ ಸಮುದ್ರದ ಮೇಲಿರುವಾಗಲೇ ಮೆಲ್ಲಗೆ ಎತ್ತಲು ಶುರುಮಾಡುತ್ತವೆ, ಕರಾವಳಿಯಾಚೆ ಕಡಲಲ್ಲೇ ಮೋಡ ಏಳಲು ಅದು ನೆರವಾಗುತ್ತದೆ. ಆಮೇಲೆ ಆ ಗಾಳಿ ಆಗುಂಬೆ, ಹುಲಿಕಲ್ ಕಡೆ ಇದ್ದಬದ್ದ ನೀರನ್ನೆಲ್ಲ ಸುರಿದು, ಬರಿಗೈಯಲ್ಲಿ, ವೇಗ ಮಾತ್ರ ಉಳಿಸಿಕೊಂಡು ಬಯಲಿಗೆ ಇಳಿಯುತ್ತದೆ. ಅದೇ ನಮ್ಮ ಆಷಾಢದ ಗಾಳಿ. ಜೋಗಿಮಟ್ಟಿಯ ಗಾಳಿಯಂತ್ರ ತಿರುಗಿಸುವುದೂ ಅದೇ, ಅಂಗಳದಲ್ಲಿ ಒಣಹಾಕಿದ ಸೀರೆ ಪಕ್ಕದ ಮನೆಗೆ ಹಾರಿಸುವುದೂ ಅದೇ. ಇವಳಿಗೆ ಹೇಳಿದೆ. "ನಾನು ಹೊರಡುವಾಗಲೇ ಹೇಳಿರಲಿಲ್ವಾ?" ಅಂದು ಮಗ್ಗುಲು ಬದಲಿಸಿದಳು.

ಹೇಳಲೇಬೇಕಾದ ಇನ್ನೆರಡು ಜಾಗ. ಲೋನ್ ಪೈನ್ ಮತ್ತು ಇಂಡಿಪೆಂಡೆನ್ಸ್ ನಡುವೆ ಮಾಂಜನಾರ್. 1942ರಿಂದ ಹತ್ತು ಸಾವಿರಕ್ಕೂ ಮೇಲ್ಪಟ್ಟು ಜಪಾನೀ ಮೂಲದವರನ್ನು ಕೂಡಿಹಾಕಿದ್ದ ಶಿಬಿರ. ಮರುನಿರ್ಮಿಸಿದ ಬ್ಯಾರಕ್ಕಿನ ಹಲಗೆ ಗೋಡೆ ನೋಡಿದಾಗ, ಆ ಗಾಳಿಯಲ್ಲಿ ಅಲ್ಲಿ ಮಕ್ಕಳನ್ನು ಮಲಗಿಸಿದವರ ನೆನಪಾಯಿತು. ದಕ್ಷಿಣಕ್ಕೆ ಓವೆನ್ಸ್ ಕೆರೆ. ಕೆರೆ ಅನ್ನುವುದು ಹೆಸರಿಗೆ. 1913ರಲ್ಲಿ ಲಾಸ್ ಏಂಜಲೀಸ್ ನಗರ ಇಲ್ಲಿನ ನದಿಯ ನೀರನ್ನು ಕಾಲುವೆಯಲ್ಲಿ ಕೊಂಡೊಯ್ಯಲು ಶುರುಮಾಡಿತು. 1920ರ ದಶಕದಲ್ಲೇ ಕೆರೆ ಬತ್ತಿ ಉಪ್ಪಿನ ಹಾಸಾಯಿತು. ಆಮೇಲೆ ಬೆಟ್ಟದ ಗಾಳಿ ಎದ್ದಾಗಲೆಲ್ಲ ಆ ಹಾಸು ಬಿಳಿ ಧೂಳಾಗಿ ಕಣಿವೆ ತುಂಬುತ್ತಿತ್ತು, ಒಂದು ಕಾಲಕ್ಕೆ ಇಡೀ ಅಮೆರಿಕದಲ್ಲಿ ಇಷ್ಟು ಧೂಳೆಬ್ಬಿಸುವ ಇನ್ನೊಂದು ಜಾಗ ಇರಲಿಲ್ಲ. ಈಗ ಅಲ್ಲಲ್ಲಿ ತೆಳ್ಳಗೆ ನೀರು ನಿಲ್ಲಿಸಿ, ಜಲ್ಲಿ ಹರಡಿ, ಹುಲ್ಲು ಬೆಳೆಸಿ ಧೂಳು ಕಟ್ಟಿದ್ದಾರೆ. ಪೂರ್ತಿ ಕಟ್ಟಿಲ್ಲ. ಅಲ್ಲೇ ಕಾರಿನ ಮರೆಯಲ್ಲಿ ಕೂತು ತಿಂದ ಚಿತ್ರಾನ್ನ ಹಲ್ಲಿಗೆ ಕರಕರ ಅನ್ನುತ್ತಿತ್ತು.

ಮೂರನೆಯ ಬೆಳಗ್ಗೆ ಎದ್ದರೆ ಎಲೆಯೂ ಅಲುಗುತ್ತಿರಲಿಲ್ಲ. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ, ವಿಟ್ನಿ ಕೈಗೆ ಸಿಗುವ ಹಾಗೆ ಹತ್ತಿರ. ಯಾರದೋ ಚಿಮಣಿಯ ಹೊಗೆ ನೆಟ್ಟಗೆ ಒಂದಾಳೆತ್ತರ ಎದ್ದು, ಅಲ್ಲಿಂದ ಬಾಗಿ, ರಾತ್ರಿಯ ತಣ್ಣನೆ ಗಾಳಿ ಜಾರುವ ದಿಕ್ಕಿನಲ್ಲಿ ಕಣಿವೆಯ ಕೆಳಗೆ ದಕ್ಷಿಣಕ್ಕೆ ಹರಿಯುತ್ತಿತ್ತು. ಮಗ ಸಾಮಾನು ತುಂಬಿದ. ಇವಳು ಕಾರಿನ ಮ್ಯಾಟುಗಳನ್ನು ಒಂದೊಂದಾಗಿ ತೆಗೆದು ಕೊಡವಿದಳು. ಬಿಳಿ ಧೂಳು ಎದ್ದು, ಅವಳ ಮೊಣಕಾಲ ಮಟ್ಟದಲ್ಲೇ ತೇಲಿ, ಹೊಗೆಯ ಹಿಂದೆಯೇ ಹೊರಟಿತು.