ಚಿಕ್ಕ ಬ್ಲೋವರ್, ಕುಗ್ಗದ ಗಾಳಿ

ವಿದ್ಯುತ್ ಬ್ಲೋವರನ್ನು ಕಿರಿದಾಗಿಸುವಾಗ ಹೆಚ್ಚು ಕಾಡುವುದು ಮೋಟಾರಲ್ಲ, ಗಾಳಿ ಎಂಬುದು ನನ್ನ ಅಭಿಪ್ರಾಯ. ಮೋಟಾರಿನ ಶಕ್ತಿಯು ಟಾರ್ಕ್ (ತಿರುಗಿಸುವ ಬಲ) ಮತ್ತು ವೇಗಗಳ ಗುಣಲಬ್ಧವಾದ್ದರಿಂದ, ಗಾತ್ರ ಇಳಿದು ಟಾರ್ಕ್ ಕುಗ್ಗಿದರೂ ವೇಗವನ್ನು ಏರಿಸಿ ಆ ಕೊರತೆಯನ್ನು ತುಂಬಬಹುದು. ಉಜ್ಜುತ್ತಾ ವಿದ್ಯುತ್ ಸಾಗಿಸುವ ಬ್ರಶ್‌ಗಳಿಲ್ಲದ ಮೋಟಾರುಗಳಲ್ಲಿ ಇದು ಸುಲಭ. ಫ್ಯಾನಿನ ನಿಯಮಗಳು ಅಷ್ಟು ಉದಾರವಲ್ಲ. ಅದೇ ಆಕಾರದ ಇಂಪೆಲ್ಲರಿನ (ಗಾಳಿಯನ್ನು ತಳ್ಳುವ ಅಲಗುಗಳ ಚಕ್ರದ) ವ್ಯಾಸವನ್ನು ಅರ್ಧಕ್ಕೆ ಇಳಿಸಿದರೆ, ವೇಗವನ್ನು 2 ಪಟ್ಟು ಮಾಡಿ ಮೊದಲಿನ ಒತ್ತಡವನ್ನು ಪಡೆಯಬಹುದಾದರೂ ಗಾಳಿಯ ಹರಿವು ಕಾಲು ಭಾಗಕ್ಕೆ ಕುಸಿದಿರುತ್ತದೆ. ಹರಿವನ್ನೂ ಉಳಿಸಬೇಕಾದರೆ 8 ಪಟ್ಟು ವೇಗ ಬೇಕು, ಆಗ ವ್ಯಯವಾಗುವ ಶಕ್ತಿ 16 ಪಟ್ಟಾಗುತ್ತದೆ. ಆದ್ದರಿಂದ ಕೇವಲ ಅಳತೆ ಇಳಿಸಿದರೆ ಸಾಲದು, ಅಲಗುಗಳ ಆಕಾರವನ್ನೇ ಹೊಸದಾಗಿ ರೂಪಿಸಬೇಕು.

ಅಲಗಿನ ತುದಿಗೂ ಕವಚಕ್ಕೂ ನಡುವಿನ ಸಂದು ಮತ್ತೊಂದು ತೊಡಕು. ಬೇರಿಂಗಿನ ಅಲುಗಾಟ ಮತ್ತು ತಯಾರಿಕೆಯ ಮಿತಿಗಳಿಂದಾಗಿ ಆ ಸಂದು ವ್ಯಾಸದಷ್ಟೇ ಪ್ರಮಾಣದಲ್ಲಿ ಕಿರಿದಾಗುವುದಿಲ್ಲವಾದ್ದರಿಂದ, ಚಿಕ್ಕ ಬ್ಲೋವರಿನಲ್ಲಿ ಹಿಂದಕ್ಕೆ ಸೋರುವ ಗಾಳಿಯ ಪಾಲು ಹೆಚ್ಚುತ್ತದೆ.

2016ರಲ್ಲಿ ಬಂದ ಡೈಸನ್ ಕಂಪನಿಯ ಹೇರ್ ಡ್ರೈಯರಿನ ಮೋಟಾರು ನಿಮಿಷಕ್ಕೆ 1,10,000 ಸುತ್ತು ತಿರುಗುತ್ತದೆ. ಅದರ ಇಂಪೆಲ್ಲರಿಗೆ 13 ಅಲಗುಗಳಿರುವುದರಿಂದ ಅಲಗುಗಳ ಸದ್ದು ಸುಮಾರು 23,800 ಹರ್ಟ್ಸ್‌ಗೆ ಏರಿ ಮನುಷ್ಯರ ಕಿವಿಗೆ ಕೇಳಿಸುವುದಿಲ್ಲ (ನಾಯಿಗಳ ಮಾತು ಬೇರೆ). ಇಂಥ ಯಂತ್ರಗಳಲ್ಲಿ ಮೋಟಾರನ್ನು ತಂಪಾಗಿಸುವುದೂ ಅದೇ ಗಾಳಿಯಾಗಿರುವುದರಿಂದ, ಜಾಲರಿಯಲ್ಲಿ ಧೂಳು ಕಟ್ಟಿಕೊಂಡರೆ ಹರಿವು ಇಳಿಯುವುದಲ್ಲದೆ ಮೋಟಾರೂ ಕಾಯುತ್ತದೆ.