ಹಿನ್ನೀರಿನ ದೋಣಿಗೆ ಎಷ್ಟು ಇಂಜಿನ್?

ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸಲು ನಮ್ಮ ಭಾವನವರು 18 ಅಡಿಯ ಫೈಬರ್ ದೋಣಿಯೊಂದನ್ನು ಮಾಡಿಸಲು ಹೊರಟಾಗ, ಬಣ್ಣ, ಆಸನ, ಮೇಲ್ಛಾವಣಿ, ಲೈಫ್ ಜಾಕೆಟ್ ಎಲ್ಲವೂ ಒಂದೇ ಸಂಜೆಯ ಕಾಫಿಯೊಳಗೆ ತೀರ್ಮಾನವಾದವು. ಇಂಜಿನ್ನಿನ ವಿಷಯ ಮಾತ್ರ ವಾರಗಟ್ಟಲೆ ಎಳೆಯಿತು. ಒಟ್ಟು 60 ಎಚ್‌ಪಿ ಸಾಕು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿರಲಿಲ್ಲ. ಅದನ್ನು ದೋಣಿಯ ಹಿಂಬದಿಯ ಹೊರಗೆ ತೂಗುಬಿಡುವ ಒಂದೇ ಔಟ್‌ಬೋರ್ಡ್ ಇಂಜಿನ್ನಿನಿಂದ ಪಡೆಯಬೇಕೋ, 30 ಎಚ್‌ಪಿಯ ಎರಡರಿಂದ ಪಡೆಯಬೇಕೋ ಎಂಬುದಷ್ಟೇ ಪ್ರಶ್ನೆ. ಭಾವನವರ ಮನಸ್ಸು ಎರಡರ ಕಡೆಗಿತ್ತು. "ಒಂದು ಕೈಕೊಟ್ಟರೆ ಇನ್ನೊಂದು ಇರುತ್ತಲ್ಲಪ್ಪ. ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ನಡುನೀರಿನಲ್ಲಿ ನಿಂತುಬಿಟ್ಟರೆ ಯಾರು ಜವಾಬ್ದಾರಿ?" ಎನ್ನುತ್ತಿದ್ದರು. ಹಿಂಬದಿಯಲ್ಲಿ ಜೋಡಿ ಇಂಜಿನ್ ಕಂಡರೆ ದೋಣಿಗೊಂದು ಗತ್ತು ಬರುತ್ತದೆ ಎಂಬ ಇನ್ನೊಂದು ಕಾರಣವೂ ಇತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಿದ್ದು ಅಕ್ಕನ ಹತ್ತಿರ ಮಾತ್ರ.

ನಾನು ಮೈಸೂರಿನ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಅಲ್ಲಿ ಒಂದು ಪಂಪಿಗೆ ಜೊತೆಯಾಗಿ ಇನ್ನೊಂದನ್ನು ಕೂರಿಸುವಾಗ ನಾವು ಮೊದಲು ಕೇಳುತ್ತಿದ್ದ ಪ್ರಶ್ನೆ, ಈ ಎರಡಕ್ಕೂ ಸಮಾನವಾಗಿರುವುದು ಏನು ಎಂಬುದು. ಎರಡಕ್ಕೂ ಒಂದೇ ವಿದ್ಯುತ್ ಲೈನ್ ಇದ್ದರೆ ಎರಡನೆಯ ಪಂಪು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಅದಲ್ಲದೆ, ಯಂತ್ರಗಳು ಎರಡಾದಾಗ ಎರಡೂ ಒಟ್ಟಿಗೆ ಕೆಡುವ ಸಂಭವ ಕಡಿಮೆಯಾಗುವುದು ನಿಜವಾದರೂ, ಯಾವುದಾದರೊಂದು ಕೆಡುವ ಸಂಭವ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಭಾವನವರಿಗೆ ಒಪ್ಪಿಗೆಯಾಗುವಂತಿರಲಿಲ್ಲ. ಹೀಗಾಗಿ ಅವರ ಪರಿಚಯದವರೊಬ್ಬರ ಜೋಡಿ ಇಂಜಿನ್ನಿನ ದೋಣಿಯನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದು, ಶ್ರಾವಣದ ಒಂದು ಬೆಳಿಗ್ಗೆ ಹಿನ್ನೀರಿಗೆ ಇಳಿದೆವು. ಜಲಾಶಯ ಅದರ ಪೂರ್ಣ ಮಟ್ಟವಾದ 124.80 ಅಡಿಗೆ ಸಮೀಪವಿತ್ತು. ಆಷಾಢದ ಗಾಳಿ ಇನ್ನೂ ಪೂರ್ತಿ ಇಳಿದಿರಲಿಲ್ಲ. ದೋಣಿ ನಡೆಸಲು ಬಂದ ಹಿರಿಯರು ಹರಿಗೋಲಿನಲ್ಲೇ ಬೆಳೆದವರು, ಇಂಜಿನ್ ಹಿಡಿದದ್ದು ನಡುವಯಸ್ಸಿನ ನಂತರ.

ದೋಣಿ ಹತ್ತುವ ಮೊದಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಯಾರೂ ಕುಳಿತಿರದಿದ್ದರೂ ಅದರ ಹಿಂಭಾಗ ನೀರಿಗೆ ತಗ್ಗಿ, ಮೂತಿ ತುಸು ಮೇಲಕ್ಕೆದ್ದಿತ್ತು. 60 ಎಚ್‌ಪಿಯ ಫೋರ್‌ಸ್ಟ್ರೋಕ್ ಇಂಜಿನ್ ಒಂದರ ತೂಕ ಸುಮಾರು 110 ಕಿಲೋ. 30 ಎಚ್‌ಪಿಯವು ಎರಡು ಸೇರಿದರೆ 150 ಕಿಲೋ ಆಸುಪಾಸು. ಅದರ ಮೇಲೆ ಇನ್ನೊಂದು ಬ್ಯಾಟರಿ, ಇನ್ನೊಂದು ಜೊತೆ ಕೇಬಲ್. ದೊಡ್ಡ ದೋಣಿಗೆ ಇದು ಏನೂ ಅಲ್ಲ. 18 ಅಡಿಯ ದೋಣಿಯಲ್ಲಿ ಮಾತ್ರ ತೂಕವೆಲ್ಲ ಇಂಜಿನ್ ತೂಗುಬಿಡುವ ಆ ಒಂದು ಹಲಗೆಯ ಮೇಲೆಯೇ ಬಿದ್ದು, ಹಿಂದಿನಿಂದ ಅಲೆಯೊಂದು ಬಂದರೆ ಅದನ್ನು ತಡೆಯಲು ಉಳಿಯುವ ಎತ್ತರ ಕಡಿಮೆಯಾಗುತ್ತದೆ.

ಎರಡೂ ಇಂಜಿನ್ ಓಡುತ್ತಿದ್ದಾಗ ದೋಣಿ ಚೆನ್ನಾಗಿಯೇ ಹೋಯಿತು. ಐದು ಜನರಿದ್ದೆವು, ಕ್ಷಣಮಾತ್ರದಲ್ಲಿ ಮೂತಿ ಇಳಿದು, ದೋಣಿ ನೀರನ್ನು ಸೀಳುವುದನ್ನು ಬಿಟ್ಟು ಅದರ ಮೇಲೆ ಜಾರತೊಡಗಿತು. ಮೊಬೈಲಿನ ಜಿಪಿಎಸ್ ಗಂಟೆಗೆ 38 ಕಿಲೋಮೀಟರ್ ತೋರಿಸಿತು. ಭಾವನವರ ಮುಖದಲ್ಲಿ ಗೆದ್ದ ಕಳೆ. ಆಗ ನಾನು ಹಿರಿಯರಿಗೆ ಎಡಗಡೆಯ ಇಂಜಿನ್ ನಿಲ್ಲಿಸಿ, ಬಲಗಡೆಯದನ್ನು ಮಾತ್ರ ಪೂರ್ತಿ ಥ್ರಾಟಲ್‌ನಲ್ಲಿ ಬಿಡಲು ಹೇಳಿದೆ. ದೋಣಿ ಕುಸಿದಂತೆ ನೀರಿಗೆ ಕೂತಿತು. ಎದುರಿನ ನೀರೇ ಕಾಣದಷ್ಟು ಮೂತಿ ಮೇಲಕ್ಕೆದ್ದಿತು, ಸ್ಟೀರಿಂಗ್ ಒಂದು ಕಡೆಗೆ ಜಗ್ಗತೊಡಗಿತು, ಆರ್‌ಪಿಎಂ ಮುಳ್ಳು 3,600ರ ಆಸುಪಾಸಿನಲ್ಲಿ ನಿಂತು ಮುಂದಕ್ಕೆ ಹೋಗಲಿಲ್ಲ. ವೇಗ ಗಂಟೆಗೆ 12 ಕಿಲೋಮೀಟರ್. ನಿಂತ ಇಂಜಿನ್ನಿನ ಪ್ರೊಪೆಲರ್ ನೀರಿನಲ್ಲಿ ತಡೆಯಾಗಬಾರದೆಂದು ಅದನ್ನು ಮೇಲಕ್ಕೆ ಮಡಚಿದ ಮೇಲೆ ಒಂದು ಕಿಲೋಮೀಟರ್ ಹೆಚ್ಚಿತು, ಅಷ್ಟೆ.

ಅರ್ಧ ಶಕ್ತಿ ಉಳಿದರೂ ಅರ್ಧ ವೇಗ ಉಳಿಯಲಿಲ್ಲವೇಕೆ ಎಂದು ಭಾವನವರು ಕೇಳಿದರು. ಇಂತಹ ದೋಣಿಗಳು ತಾವೇ ಎಬ್ಬಿಸಿದ ಅಲೆಯನ್ನು ಹತ್ತಿ ದಾಟಿದ ಮೇಲಷ್ಟೇ ಹಗುರವಾಗಿ ಓಡುತ್ತವೆ. ಆ ದಿಣ್ಣೆ ಹತ್ತಲು ಬೇಕಾದ ಶಕ್ತಿ ಒಂದು ಇಂಜಿನ್ನಿನಲ್ಲಿ ಇರುವುದಿಲ್ಲ. ಜೊತೆಗೆ, ಎರಡೂ ಸೇರಿ ವೇಗವಾಗಿ ಓಡುವುದಕ್ಕೆಂದು ಆರಿಸಿದ ಪ್ರೊಪೆಲರ್‌ನ ಪಿಚ್ (ಒಂದು ಸುತ್ತಿಗೆ ಅದು ಮುಂದೊತ್ತಬೇಕಾದ ದೂರ) ಒಂಟಿ ಇಂಜಿನ್ನಿಗೆ ಭಾರವಾಗಿ, ಬೈಕನ್ನು ನಾಲ್ಕನೇ ಗೇರಿನಲ್ಲಿ ಏರು ಹತ್ತಿಸಿದಂತೆ ಅದು ಏದುಸಿರು ಬಿಡುತ್ತದೆ. ಪೆಟ್ರೋಲಿನ ಲೆಕ್ಕವೂ ಕೆಡುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ 60 ಎಚ್‌ಪಿಗೆ ಗಂಟೆಗೆ 20 ಲೀಟರಿಗೂ ಮೇಲೆ ಬೇಕು. ಒಂಟಿ ಇಂಜಿನ್ ಅದರ ಅರ್ಧದಷ್ಟನ್ನು ಕುಡಿದರೂ ಸಾಗಿಸುವ ದೂರ ಮೂರನೇ ಒಂದು ಭಾಗ ಮಾತ್ರ. ದಡಕ್ಕೆ ಮುಟ್ಟಿಸುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆಮೆಗತಿಯಲ್ಲಿ ದಡ ಮುಟ್ಟಿಸುವುದಕ್ಕೆ 30 ಎಚ್‌ಪಿಯ ಇಂಜಿನ್ ಏಕೆ ಬೇಕು ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಅಲ್ಲಿಯೇ.

ಮಧ್ಯಾಹ್ನ ಹಿಂತಿರುಗುವಾಗ, ಯಾರೂ ಯೋಜಿಸಿರದ ಪರೀಕ್ಷೆಯೊಂದು ತಾನಾಗಿಯೇ ನಡೆಯಿತು. ಬಲಗಡೆಯ ಇಂಜಿನ್ ಮೊದಲು ಕೆಮ್ಮಿತು, ನಿಂತಿತು. ಹಿರಿಯರು ಕೀಲಿ ತಿರುಗಿಸುವಷ್ಟರಲ್ಲಿ ಎಡಗಡೆಯದೂ ಅದೇ ರೀತಿ ಎಳೆದೆಳೆದು ನಿಂತಿತು. ಗಾಳಿ ದೋಣಿಯನ್ನು ಅಡ್ಡಕ್ಕೆ ತಿರುಗಿಸಿ ಪೂರ್ವಕ್ಕೆ ತಳ್ಳತೊಡಗಿದಾಗ ಹಿರಿಯರು ಲಂಗರು ಇಳಿಸಿ, ತಣ್ಣಗೆ ಬೀಡಿ ಪಕ್ಕಕ್ಕಿಟ್ಟು ಹೇಳಿದರು: "ಇಂಜಿನ್ ಎಲ್ಡಾದ್ರೇನ್ ಸಾ, ಎಲ್ಡೂ ಕುಡಿಯೋದು ಒಂದೇ ಟ್ಯಾಂಕಿಂದ ಅಲ್ವಾ?"

ಇಂಜಿನ್ನಿನ ಮುಚ್ಚಳ ತೆಗೆದು ನೋಡಿದಾಗ, ಇಂಧನ ಸೋಸುವ ಪುಟ್ಟ ಪಾರದರ್ಶಕ ಬಟ್ಟಲಿನೊಳಗೆ ತಳದಲ್ಲಿರಬೇಕಾದ ಕೆಂಪು ಉಂಗುರ ಮೇಲೆದ್ದು ತೇಲುತ್ತಿತ್ತು. ಅದು ಪೆಟ್ರೋಲಿನಲ್ಲಿ ಮುಳುಗಿ ನೀರಿನಲ್ಲಿ ತೇಲುವಂತೆ ಮಾಡಿದ ಉಂಗುರ. ಮೇಲೆದ್ದಿದೆ ಎಂದರೆ ನೀರು ಸೇರಿದೆ ಎಂದರ್ಥ. ಬಟ್ಟಲನ್ನು ಬಿಚ್ಚಿ, ಅರ್ಧ ಕತ್ತರಿಸಿದ ನೀರಿನ ಬಾಟಲಿಗೆ ಸುರಿದು ಬಿಸಿಲಿಗೆ ಹಿಡಿದಾಗ, ಕೆಳಗೆ ಮಸುಕಾದ ಒಂದು ಪದರ, ಮೇಲೆ ಪೆಟ್ರೋಲು ಬೇರೆಬೇರೆಯಾಗಿ ನಿಂತವು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ತೇವವನ್ನು ಒಂದು ಮಿತಿಯವರೆಗೆ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಆ ಮಿತಿ ದಾಟಿದಾಗ ನೀರಿನೊಂದಿಗೆ ತಾನೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಇಂಧನ ಎಳೆಯುವ ಪೈಪಿನ ಬಾಯಿ ಇರುವುದೂ ಅಲ್ಲಿಯೇ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ, ಅರ್ಧ ಖಾಲಿಯಾದ, ಗಾಳಿಯಾಡುವ ಟ್ಯಾಂಕಿನಲ್ಲಿ ಇದು ಅಪರೂಪದ ಸಂಗತಿಯಲ್ಲ. ದಿನವೂ ಓಡುವ ಕಾರಿನವರಿಗೆ ಇದು ಗೊತ್ತಾಗುವುದಿಲ್ಲ, ದೋಣಿಯವರಿಗೆ ಗೊತ್ತಾಗುತ್ತದೆ.

ಹಿರಿಯರು ಆಸನದ ಕೆಳಗಿನಿಂದ ತಮ್ಮದೇ ಒಂದು ಕ್ಯಾನ್ ಹೊರತೆಗೆದರು. ಅಂದು ಬೆಳಿಗ್ಗೆ ತುಂಬಿಸಿದ ಪೆಟ್ರೋಲು. ಪೈಪನ್ನು ಅದಕ್ಕೆ ಇಳಿಬಿಟ್ಟು, ರಬ್ಬರ್ ಬಲ್ಬು ಗಟ್ಟಿಯಾಗುವವರೆಗೆ ಹಿಸುಕಿ, ಎಡಗಡೆಯ ಇಂಜಿನ್ನನ್ನು ಕೆಲವು ಸಲ ತಿರುಗಿಸಿದ ಮೇಲೆ ಅದು ಹೊತ್ತಿಕೊಂಡಿತು. ಅದೊಂದರಿಂದಲೇ ನಿಧಾನವಾಗಿ ದಡ ಸೇರಿದೆವು. ಕಾಪಾಡಿದ್ದು ಎರಡನೆಯ ಇಂಜಿನ್ನೋ ಎರಡನೆಯ ಕ್ಯಾನೋ ಎಂಬ ವಾದ ಮನೆಗೆ ಬಂದು ಊಟಕ್ಕೆ ಕೂತಾಗಲೂ ಮುಂದುವರಿಯಿತು.

ಜೋಡಿ ಇಂಜಿನ್ನಿಗೆ ಅದರದೇ ಗುಣಗಳಿವೆ ಎಂಬುದನ್ನು ಮರೆಮಾಚುವುದು ನ್ಯಾಯವಲ್ಲ. ದಡಕ್ಕೆ ಕಟ್ಟುವಾಗ ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಹಾಕಿ ಹಿರಿಯರು ದೋಣಿಯನ್ನು ನಿಂತಲ್ಲೇ ತಿರುಗಿಸಿದ್ದನ್ನು ಬೆಳಿಗ್ಗೆಯೇ ನೋಡಿ ಮೆಚ್ಚಿದ್ದೆ. ಆದರೂ ಚಿಕ್ಕ ದೋಣಿಯಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರುವುದರಿಂದ ಆ ಅನುಕೂಲ ದೊಡ್ಡ ದೋಣಿಯಲ್ಲಿರುವಷ್ಟು ಇರುವುದಿಲ್ಲ. ಕಡಲಿನ ಮಾತು ಪೂರಾ ಬೇರೆ. ದಡದಿಂದ ಹತ್ತಾರು ಕಿಲೋಮೀಟರ್ ಹೊರಗೆ ಹೋಗುವವರಿಗೆ ಎರಡನೆಯ ಇಂಜಿನ್ ಪ್ರಾಣದ ಪ್ರಶ್ನೆ. ಕೇರಳದ ಕರಾವಳಿಯಲ್ಲಿ ದೊಡ್ಡ ಬಲೆ ಬೀಸುವ ವಳ್ಳಗಳಿಗೆ ಎರಡು ಮೂರು ಔಟ್‌ಬೋರ್ಡ್ ಹಾಕುವುದರಲ್ಲಿ ಅರ್ಥವಿದೆ. ನಮ್ಮ ಜಲಾಶಯ ತುಂಬಿದಾಗ ಸುಮಾರು 130 ಚದರ ಕಿಲೋಮೀಟರ್ ಹರಡಿಕೊಂಡರೂ, ಭಾವನವರ ದೋಣಿ ತಿರುಗುವ ಭಾಗದಲ್ಲಿ ಎಲ್ಲಿ ನಿಂತರೂ ಎರಡು ಮೂರು ಕಿಲೋಮೀಟರಿನೊಳಗೆ ಒಂದಲ್ಲ ಒಂದು ದಡ ಸಿಗುತ್ತದೆ. ಇಲ್ಲಿ ಇಂಜಿನ್ ನಿಲ್ಲುವ ಕಾರಣಗಳೂ ಬೇರೆ: ತಂಪು ನೀರು ಎಳೆಯುವ ಕಿಂಡಿಗೆ ಸಿಕ್ಕಿಕೊಳ್ಳುವ ಅಂತರಗಂಗೆ, ಬೇಸಿಗೆಯಲ್ಲಿ ನೀರಿಳಿದಾಗ ಆ ನೀರೆತ್ತುವ ಪಂಪಿನ ಚಕ್ರವಾದ ಇಂಪೆಲ್ಲರಿನ ರಬ್ಬರನ್ನು ತಿನ್ನುವ ಕೆಸರು, ಮುಳುಗಿದ ಮರದ ಮೋಟು. ಇವು ಎರಡು ಇಂಜಿನ್ನುಗಳನ್ನು ಒಟ್ಟಿಗೇ ಹಿಡಿಯಬಲ್ಲವು. ಮೋಟಿನ ವಿಷಯದಲ್ಲಂತೂ ನಡುವಿನ ಒಂಟಿ ಪ್ರೊಪೆಲರ್‌ಗೆ ದೋಣಿಯ ತಳದ ಏಣಿನ ಮರೆ ಸ್ವಲ್ಪವಾದರೂ ಸಿಗುತ್ತದೆ. ಜೋಡಿಯವು ಅದರಿಂದ ಆಚೀಚೆ ಹೊರಚಾಚಿ ಪೆಟ್ಟಿಗೆ ಸಿಗುತ್ತವೆ. ಸರ್ವಿಸ್ ಎಂದರೆ ಗೇರ್ ಆಯಿಲ್, ಇಂಪೆಲ್ಲರ್, ಪ್ಲಗ್ಗು ಎಲ್ಲವೂ ಎರಡೆರಡು.

ಕೊನೆಗೆ ನಾನು ಮುಂದಿಟ್ಟು ಭಾವನವರು ಒಲ್ಲದ ಮನಸ್ಸಿನಿಂದ ಒಪ್ಪಿದ್ದು, 60 ಎಚ್‌ಪಿಯ ಒಂದು ಫೋರ್‌ಸ್ಟ್ರೋಕ್, ಅದರ ಪಕ್ಕದಲ್ಲಿ ಹಗ್ಗ ಎಳೆದು ಹೊತ್ತಿಸುವ 6 ಎಚ್‌ಪಿಯ ಒಂದು ಚಿಕ್ಕ ಇಂಜಿನ್. ಚಿಕ್ಕದರ ತೂಕ 27 ಕಿಲೋ ಆಸುಪಾಸು; ಅದಕ್ಕೆ ಬ್ಯಾಟರಿ ಬೇಡ, ಟ್ಯಾಂಕು ಪ್ರತ್ಯೇಕ, ಪೆಟ್ರೋಲು ಪ್ರತ್ಯೇಕ. ಗಾಳಿಯಿಲ್ಲದಿದ್ದರೆ ಗಂಟೆಗೆ ಏಳೆಂಟು ಕಿಲೋಮೀಟರ್ ನೂಕುತ್ತದೆ, ಆಷಾಢದ ಗಾಳಿಗೆ ಎದುರಾಗಿ ಅಷ್ಟು ಸಾಗದು. ಆಗ ಗಾಳಿ ತಳ್ಳುವ ಕಡೆಯ ದಡಕ್ಕೇ ಹೋಗಬೇಕು. ಅದನ್ನು ವಾರಕ್ಕೊಮ್ಮೆಯಾದರೂ ಓಡಿಸಬೇಕೆಂಬ ಷರತ್ತು ಹಾಕಿದ್ದೇನೆ, ಏಕೆಂದರೆ ಓಡಿಸದೆ ಬಿಟ್ಟ ಆಪತ್ಕಾಲದ ಇಂಜಿನ್ ಆಪತ್ತಿನಲ್ಲಿ ಹೊತ್ತಿಕೊಳ್ಳುವುದಿಲ್ಲ. ದೊಡ್ಡದಕ್ಕೆ ನೀರು ಬೇರ್ಪಡಿಸುವ ದೊಡ್ಡ ಫಿಲ್ಟರ್, ದೋಣಿಯಲ್ಲಿ ಯಾವಾಗಲೂ ಎರಡು ಹುಟ್ಟು.

ಈಗ ಉಳಿದಿರುವುದು ಪ್ರೊಪೆಲರ್. ಕರಾವಳಿಯ ಅಂಗಡಿಯವರು ಕೊಡುವುದು ಸಮುದ್ರಮಟ್ಟದ ಲೆಕ್ಕದ್ದು. ನಮ್ಮ ಹಿನ್ನೀರು ಸುಮಾರು 750 ಮೀಟರ್ ಎತ್ತರದಲ್ಲಿದ್ದು, ತೆಳುವಾದ ಗಾಳಿಯಲ್ಲಿ ಇಂಜಿನ್ನಿನ ಶಕ್ತಿ ನೂರಕ್ಕೆ ಏಳರಷ್ಟು ತಗ್ಗುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ 5,000ದಿಂದ 6,000 ಆರ್‌ಪಿಎಂ ಒಳಗೆ ಓಡಬೇಕಾದ ಇಂಜಿನ್ ಎಂಟು ಜನ ಕೂತಾಗ ಅದರ ಕೆಳಗೇ ನಿಂತರೆ ಪಿಚ್ ಒಂದೆರಡು ಇಂಚು ಇಳಿಸಬೇಕಾಗುತ್ತದೆ. ಒಂದು ಇಂಚಿಗೆ ಸುಮಾರು 200 ಆರ್‌ಪಿಎಂ ವ್ಯತ್ಯಾಸ. ಅಂಗಡಿಯವರು ಹಳೆಯದನ್ನು ಬದಲಾಯಿಸಿಕೊಡಲು ಒಪ್ಪಿದ್ದಾರೆ, ಆದರೆ ಅಂಚಿಗೆ ಒಂದು ಗೀರೂ ಬಿದ್ದಿರಬಾರದಂತೆ. ಹಾಗಾಗಿ ಪರೀಕ್ಷೆಯನ್ನು ಮೋಟುಗಳಿಲ್ಲದ ಆಳದ ನೀರಿನಲ್ಲೇ ಮಾಡುವುದೆಂದು ಹಿರಿಯರಿಗೆ ಹೇಳಿಟ್ಟಿದ್ದೇವೆ.