ಫ್ಯಾನ್ ತಿರುಗಿತು ಅಂದಮಾತ್ರಕ್ಕ ಎಸ್‌ಎಂಪಿಎಸ್ ಚಲೋ ಐತಿ ಅಂತಲ್ಲ
ವಿಜಯಪುರದಾಗ ಕಂಪ್ಯೂಟರ್ ರಿಪೇರಿ ಮಾಡಾಕತ್ತು ಹನ್ನೊಂದು ವರ್ಷ ಆತು, ಆದರೂ ಹೋದ ಏಪ್ರಿಲ್‌ನಾಗ ಒಂದು ಮನಿ ಪಿಸಿ ಮೂರು ಸಲ ನನ್ನ ಹತ್ರ ಬಂತು, ಮೂರನೇ ಸಲಕ್ಕ ರೋಗ ಸಿಕ್ತು. ರೋಗ ಇದ್ದದ್ದು ಎಸ್‌ಎಂಪಿಎಸ್‌ನಾಗ, ಅಂದ್ರ ಗೋಡಿ ಕರೆಂಟನ್ನ ಪಿಸಿಗೆ ಬೇಕಾದ 12 ವೋಲ್ಟಿನಂಥ ಸಣ್ಣ ವೋಲ್ಟಿಗೆ ಇಳಿಸಿ ಕೊಡೂ ಡಬ್ಬಿಯಾಗ. ಹೊಸದಾಗಿ ಈ ಕೆಲಸಕ್ಕ ಬಂದ ಹುಡುಗ್ರಿಗೆ ಉಪಯೋಗ ಆದೀತು ಅಂತ ಬರ್ಯಾಕತ್ತೀನಿ.

ಜಲನಗರದ ರಿಟೈರ್ ಆದ ಮಾಸ್ತರ್ ಒಬ್ರ ಪಿಸಿ ಅದು. ಮಗ ಸಿವಿಲ್ ಓದ್ತಾನ, ಮನಿ ಪ್ಲ್ಯಾನಿನ ತ್ರೀಡಿ ರೆಂಡರ್ (ಪಿಸಿಗೆ ಭಾಳ ದುಡಿತ ಬೀಳೂ ಚಿತ್ರ ತಯಾರಿ) ಹಚ್ಚಿದ್ರ ಹತ್ತು ನಿಮಿಷದಾಗ ಪಟ್ ಅಂತ ಬಂದ್. ಯೂಟ್ಯೂಬ್, ವರ್ಡ್ ಇಡೀ ದಿನ ನಡೀತಿದ್ವು. ಬಂದ್ ಆದಮ್ಯಾಲ ಬಟನ್ ಒತ್ತಿದ್ರ ಏನೂ ಆಗಂಗಿಲ್ಲ, ಹಿಂದಿನ ಸ್ವಿಚ್ ತಗದು ಒಂದೆರಡು ನಿಮಿಷ ಬಿಟ್ಟು ಹಾಕಿದ್ರಷ್ಟ ಚಾಲೂ. ಇದನ್ನ ಆ ಹುಡುಗ ಮೊದಲನೇ ದಿನಾನ ಹೇಳಿದ್ದ, ನಾ ಕಿವಿಗೆ ಹಾಕ್ಕೊಳ್ಳಲಿಲ್ಲ. ಎಸ್‌ಎಂಪಿಎಸ್ ತನ್ನ ಪ್ರೊಟೆಕ್ಷನ್‌ಗೆ ಹೋಗಿ ಕುಂತಾಗ, ಅಂದ್ರ ಅಪಾಯ ಕಂಡು ತಾನಾಗೇ ಬಂದ್ ಆದಾಗ, ಭಾಳ ಸಲ ಹಿಂಗ ಆಗೂದು.

ನಾ ಮಾಡಿದ್ದೇನಂದ್ರ ವಿಂಡೋಸ್ ಹೊಸದಾಗಿ ಹಾಕ್ದೆ, ರ‍್ಯಾಮ್ ತಗದು ರಬ್ಬರ್‌ಲೆ ತಿಕ್ಕಿದೆ, ಪ್ರೊಸೆಸರಿಗೆ ಬಿಸಿ ಇಳಿಸೂ ಪೇಸ್ಟ್ ಹಚ್ಚಿದೆ, 600 ರೂಪಾಯಿ ತಗೊಂಡೆ. ಎಸ್‌ಎಂಪಿಎಸ್ ಸುದ್ದಾ ನೋಡಿದ್ದೆ, 24 ಪಿನ್ನಿನ ಕನೆಕ್ಟರ್‌ನಾಗ ಹಸಿರು ವೈರಿಗೆ ಕರಿ ವೈರ್ ಮುಟ್ಟಿಸಿ ಬೋರ್ಡ್ ಇಲ್ಲದ ಚಾಲೂ ಮಾಡ್ದೆ, ಫ್ಯಾನ್ ತಿರುಗಿತು, ಚಲೋ ಐತಿ ಅಂದೆ. ಆದ್ರ ಅದು ಖಾಲಿ ಬಂಡಿ ಎಳದಂಗ. ಲೋಡ್ ಇಲ್ಲದಾಗ ಸೋತ ಎಸ್‌ಎಂಪಿಎಸ್ ಸುದ್ದಾ ಭಾಳ ಸಲ ತಿರುಗ್ತೈತಿ.

ಎರಡನೇ ಸಲ ಬಂದಾಗ, ವಿಂಡೋಸ್ ತನ್ನ ಆಗುಹೋಗು ಬರದಿಡೂ ಇವೆಂಟ್ ವ್ಯೂವರ್‌ನಾಗ ಕರ್ನಲ್ ಪವರ್ 41 ಅನ್ನೂ ನಮೂದು ಇತ್ತು, ಅದು ಮಷಿನ್ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತಷ್ಟ ಹೇಳ್ತೈತಿ, ಯಾಕ ಅಂತ ಹೇಳಂಗಿಲ್ಲ. ನಾ ಮದರ್‌ಬೋರ್ಡ್ ಹೋಗೈತಿ ಅಂದ್ಬಿಟ್ಟೆ. ಮಾಸ್ತರ್ ಸಿಟ್ಟಾಗಲಿಲ್ಲ, "ತಮ್ಮಾ, ಬೋರ್ಡ್ ಅಂದ್ರ ದೊಡ್ಡ ಖರ್ಚು, ಇನ್ನೊಮ್ಮೆ ನೋಡಪಾ" ಅಂದ್ರು. ಆ ಮಾತು ರಾತ್ರಿ ಪೂರ್ತಿ ತಲಿಯಾಗ ಉಳೀತು.

ಮೂರನೇ ಸಲ ಮೀಟರ್ ತಗೊಂಡು ಅವರ ಮನಿಗೇ ಹೋದೆ. ಗೋಡಿ ಪ್ಲಗ್‌ನಾಗ 228 ವೋಲ್ಟ್, ಅಂದ್ರ ಮನಿ ಕರೆಂಟಿಂದು ತಪ್ಪಿಲ್ಲ. ಎಸ್‌ಎಂಪಿಎಸ್‌ನಿಂದ ಬರೂ, ಖಾಲಿ ಇದ್ದ ಮೋಲೆಕ್ಸ್ ಅನ್ನೂ ನಾಲ್ಕು ಪಿನ್ನಿನ ಕನೆಕ್ಟರ್‌ನಾಗ ಕರಿ ವೈರಿಗೆ ಕರಿ ಪ್ರೋಬ್, 12 ವೋಲ್ಟಿನ ಹಳದಿಗೆ ಕೆಂಪು ಪ್ರೋಬ್ ಇಟ್ಟೆ, 11.96. ಹುಡುಗನಿಗೆ ರೆಂಡರ್ ಹಚ್ಚು ಅಂದೆ. 11.62 ಆತು, ಸ್ವಲ್ಪ ಹೊತ್ತಿಗೆ 11.31, ಆಮ್ಯಾಲ 10.9, ಅಷ್ಟರಾಗ ಸ್ಕ್ರೀನ್ ಕರ‍್ರಗಾತು. 12 ವೋಲ್ಟ್ ಲೈನ್ ಐದು ಪರ್ಸೆಂಟ್ ಒಳಗ, ಅಂದ್ರ 11.4 ಕಿಂತ ಕೆಳಗ ಇಳೀಬಾರದು.

ಪಿಸಿ ಕ್ಯಾಬಿನೆಟ್ ಬಿಚ್ಚಿ ಎಸ್‌ಎಂಪಿಎಸ್ ಮ್ಯಾಲಿನ ಲೇಬಲ್ ಓದಿದೆ. ಮ್ಯಾಲ ದಪ್ಪ ಅಕ್ಷರದಾಗ 450 ವ್ಯಾಟ್, ಕೆಳಗ 12 ವೋಲ್ಟ್ ಲೈನಿಗೆ ಬರೇ 14 ಆಂಪಿಯರ್, ಗುಣಿಸಿದ್ರ 168 ವ್ಯಾಟ್. ಅವರು ದೀಪಾವಳಿಗೆ ಹಾಕಿಸಿದ ಗ್ರಾಫಿಕ್ಸ್ ಕಾರ್ಡ್ ಒಂದ 120 ವ್ಯಾಟ್, ಪ್ರೊಸೆಸರ್ 65, ಎರಡೂ ಆ ಲೈನಿಂದನ ಉಣ್ಣೂವು, ಕೂಡಿಸಿದ್ರ 185, ಲೈನಿನ 168 ಕಿಂತ ಹೆಚ್ಚು. ಚಳಿಗಾಲದಾಗ ಹೆಂಗೋ ತಡ್ಕೊಂಡೈತಿ, ನಮ್ಮೂರಿನ ಏಪ್ರಿಲ್ ಬಿಸಲಾಗ ತಡಿಲಿಲ್ಲ. ಟಾರ್ಚ್ ಹಾಕಿ ಜಾಲರಿಯಿಂದ ನೋಡಿದ್ರ ಎರಿ ಮಣ್ಣಿನ ಧೂಳು ಗಟ್ಟಿಯಾಗಿ ಕುಂತಿತ್ತು, ಅದರ ಹಿಂದ ಕರೆಂಟ್ ಹಿಡಿದಿಡೂ ಎರಡು ಕೆಪ್ಯಾಸಿಟರಿನ ತಲಿ ಪುರಿಯಂಗ ಉಬ್ಬಿದ್ವು, ಅಂದ್ರ ಅವು ಕೆಟ್ಟಿದ್ವು. ಜಾಲರಿಯಿಂದ ನೋಡಿದ್ರ ಸಾಕ್ರಿ, ಮನಿಯಾಗ ಯಾರೂ ಎಸ್‌ಎಂಪಿಎಸ್ ಡಬ್ಬಿ ಬಿಚ್ಚಬ್ಯಾಡ್ರಿ, ಪ್ಲಗ್ ತಗದಮ್ಯಾಲೂ ಒಳಗಿನ ದೊಡ್ಡ ಕೆಪ್ಯಾಸಿಟರ್‌ನಾಗ 300 ವೋಲ್ಟಿಗೂ ಹೆಚ್ಚು ನಿಂತಿರಬಹುದು.

12 ವೋಲ್ಟಿಗೆ 37 ಆಂಪಿಯರ್ ಇರೂ ಹೊಸಾದು ಹಾಕ್ದೆ, ಕೈಯಾಗ ಹಿಡದ್ರ ತೂಕದಾಗನ ಫರಕ್ ಗೊತ್ತಾಗ್ತಿತ್ತು. ಅದ ರೆಂಡರ್ ಮುಕ್ಕಾಲು ತಾಸು ಓಡ್ತು, ಮೀಟರ್ 11.9 ಬಿಟ್ಟು ಕೆಳಗ ಬರಲಿಲ್ಲ. ಮೊದಲ ತಗೊಂಡ 600 ರೂಪಾಯಿ ಮಾಸ್ತರಿಗೆ ವಾಪಸ್ ಕೊಟ್ಟೆ, ಬ್ಯಾಡ ಅಂದ್ರೂ ಟೇಬಲ್ ಮ್ಯಾಲ ಇಟ್ಟು ಬಂದೆ. ಹಳೇ ಎಸ್‌ಎಂಪಿಎಸ್ ಅಂಗಡಿಯಾಗ ಮತ್ತ್ಯಾರದರ ಪಿಸಿಗೆ ತಪ್ಪಿ ಹೋಗಬಾರದು ಅಂತ ಅದರ ವೈರ್ ಎಲ್ಲಾ ಕತ್ತರಿಸಿ ಇಟ್ಟೀನಿ.